ಡಲ್ಲಾಸ್‌ನ ಗೈಬರ್ಸನ್: ಕಿಡಿಯಿಲ್ಲದೆ ಹಾರಿದ ಎಂಜಿನ್

ಮೊದಲು ಕೈಯಿಂದಲೇ ಕೆಲವು ಸುತ್ತು ತಿರುಗಿಸಬೇಕು. ಗಾಡಿ ಚಕ್ರದ ಅರಗಳ ಹಾಗೆ ಒಂಬತ್ತು ಸಿಲಿಂಡರುಗಳು ಸುತ್ತ ಕೂತ ರೇಡಿಯಲ್ ಎಂಜಿನ್ನಿದು. ಒಂದು ರಾತ್ರಿ ಸುಮ್ಮನೆ ನಿಂತರೂ ಸಾಕು, ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಮಡುಗಟ್ಟುತ್ತದೆ. ಅದನ್ನು ಹೊರಹಾಕದೆ ಚಾಲೂ ಮಾಡಲು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸಿ, ಬೆವರು ಒರೆಸಿಕೊಂಡ ಮೇಲೆ, ಬಂದೂಕಿನ ತೋಟಾದಂಥದೇ ಒಂದು ತೋಟಾವನ್ನು ಸ್ಟಾರ್ಟರಿನ ಬಾಯಿಗೆ ತುರುಕಿ ಮುಚ್ಚಳ ಬಿಗಿಯಬೇಕು. ಗುಂಡಿ ಒತ್ತಿದರೆ ಢಂ ಎನ್ನುತ್ತದೆ. ತೋಟಾದೊಳಗಿನ ಮದ್ದಿನ ಅನಿಲ ಎಂಜಿನ್ನನ್ನು ಒಂದೆರಡು ಸುತ್ತು ಒದ್ದು ತಿರುಗಿಸುತ್ತದೆ. ಹಿಡಿದುಕೊಂಡರೆ ಬಿಳಿ ಹೊಗೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಗುಡುಗು. ಹಿಡಿಯದಿದ್ದರೆ ಇನ್ನೊಂದು ತೋಟಾ.

ಹಾರಲೆಂದು ಹುಟ್ಟಿ ಟ್ಯಾಂಕಿನ ಹೊಟ್ಟೆ ಸೇರಿದ ಎಂಜಿನ್ ಇದು. ಹೆಸರು ಟಿ-1020. ಮಾಡಿದವರು ಗೈಬರ್ಸನ್ ಡೀಸೆಲ್ ಎಂಜಿನ್ ಕಂಪನಿ, ಡಲ್ಲಾಸ್, ಟೆಕ್ಸಸ್.

ಟೆಕ್ಸಸ್ಸಿನ ಕನ್ನಡಿಗರಿಗೆ ಈ ಹೆಸರಿನ ಪರಿಚಯ ಇರಲಿಕ್ಕಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ತೋರಿಸುವ ಜಾಗಗಳ ಪಟ್ಟಿ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ: ಡಲ್ಲಾಸಿನಲ್ಲಿ ಕೆನಡಿಗೆ ಗುಂಡೇಟು ಬಿದ್ದ ಡೀಲಿ ಪ್ಲಾಜಾ, ಹ್ಯೂಸ್ಟನ್ನಿನಲ್ಲಿ ನಾಸಾ, ಆಸ್ಟಿನ್ನಿನಲ್ಲಿ ಕ್ಯಾಪಿಟಲ್ ಕಟ್ಟಡ ಮತ್ತು ಸಂಜೆಯಾದರೆ ಸೇತುವೆ ಕೆಳಗಿನಿಂದ ಹೊರಡುವ ಬಾವಲಿಗಳ ದಂಡು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ, 2018ರಲ್ಲಿ ಡಲ್ಲಾಸಿನಲ್ಲಿ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ನಡೆದಾಗ ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದವರಿಗೆ, ವಿಮಾನಕ್ಕೆ ಡೀಸೆಲ್ ಎಂಜಿನ್ ಕೂರಿಸುವ ಹಟ ಹಿಡಿದ ಕಂಪನಿಯೊಂದು ಇದೇ ನಾಡಿನಲ್ಲಿತ್ತೆಂದು ಯಾರೂ ಹೇಳಿರಲಾರರು. ಆದರೆ ಆ ಕಂಪನಿಯ ಚರಿತ್ರೆ ಬರೆಯಲು ಕೂತರೆ ಮೂರು ನಗರಗಳೂ ಬಂದು ಸೇರಿಕೊಳ್ಳುತ್ತವೆ. ಎಂಜಿನ್ ಕಟ್ಟಿದ್ದು ಡಲ್ಲಾಸ್. ಅದನ್ನು ಆಕಾಶದಿಂದ ಕೆಳಗಿಳಿಸಿದ್ದು, ಒಂದರ್ಥದಲ್ಲಿ, ಹ್ಯೂಸ್ಟನ್. ಇಬ್ಬರೂ ಬಾಚಿಕೊಂಡ ಎಣ್ಣೆಗೆ ಲೆಕ್ಕದ ಪುಸ್ತಕ ಇಟ್ಟದ್ದು ಆಸ್ಟಿನ್.

ಡೀಸೆಲ್ ಎಂಜಿನ್ನಿನ ಗುಟ್ಟು ಬಯಲುಸೀಮೆಯ ರೈತರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಬಾವಿಯ ಪಕ್ಕದ ಶೆಡ್ಡಿನಲ್ಲಿ ಕಿರ್ಲೋಸ್ಕರ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ ತೋಳುಗಳು ಇಲ್ಲಿನ ಸಾಫ್ಟ್‌ವೇರ್ ಕಚೇರಿಗಳಲ್ಲೂ ಕೆಲವಿವೆ. (ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.) ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ತತ್ವ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನೈದನೇ ಒಂದು ಪಾಲಿಗೆ ಒತ್ತಿ ಹಿಡಿದರೆ ಅದು ಕಾದ ಹಂಚಿಗಿಂತ ಬಿಸಿಯಾಗುತ್ತದೆ. ಆ ಕ್ಷಣದಲ್ಲಿ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬೇಡ, ಮ್ಯಾಗ್ನೆಟೊ ಬೇಡ, ಕಾರ್ಬ್ಯುರೇಟರ್ ಬೇಡ.

ಬೇಕಾದ್ದು ಒಂದೇ, ಗಟ್ಟಿತನ. ಅಷ್ಟು ಒತ್ತಡ ತಡೆಯಲು ಸಿಲಿಂಡರ್ ದಪ್ಪವಾಗಬೇಕು, ದಪ್ಪವಾದರೆ ತೂಕ ಏರುತ್ತದೆ. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಸುಮಾರು ನಾಲ್ಕೂವರೆ ಟನ್ ತೂಗುತ್ತಿತ್ತು. ಕೊಡುತ್ತಿದ್ದ ಶಕ್ತಿ 20 ಕುದುರೆಯ ಆಸುಪಾಸು. ಹಡಗಿಗೆ, ಗಿರಣಿಗೆ ಇದು ಸಾಕು. ಆಕಾಶಕ್ಕೆ?

ಆಕಾಶದವರಿಗೂ ಆಸೆಯಿತ್ತು. ಪೆಟ್ರೋಲ್ ಆವಿ ಬೀಡಿ ಕಿಡಿಗೂ ಹೊತ್ತಿಕೊಳ್ಳುವಂಥದು. ಡೀಸೆಲ್ ಎಣ್ಣೆಗೆ ಅಷ್ಟು ಅವಸರವಿಲ್ಲ. ಪ್ಲಗ್ಗಿನ ಕಿಡಿಗಳು ಆ ಕಾಲದ ವಿಮಾನದ ರೇಡಿಯೊದಲ್ಲಿ ಗರಗರ ಎಬ್ಬಿಸುತ್ತಿದ್ದವು. ಕಿಡಿಯೇ ಇಲ್ಲದ ಮೇಲೆ ಗರಗರವೂ ಇಲ್ಲ. ಎಣ್ಣೆ ಅಗ್ಗ, ಖರ್ಚಾಗುವುದೂ ಕಡಿಮೆ. ಇವುಗಳಲ್ಲಿ ಬೆಂಕಿಯ ಭಯವೇ ದೊಡ್ಡದಿತ್ತು, ಅದಕ್ಕೆ ಭಾರತದ ಬಿಸಿಲೂ ಒಂದು ಕಾರಣ. ಬ್ರಿಟಿಷರು ಸಾಮ್ರಾಜ್ಯದ ದೂರದ ದಾರಿಗಳಿಗೆಂದು ಕಟ್ಟಿದ ಆರ್101 ವಾಯುನೌಕೆ ಉಷ್ಣವಲಯಕ್ಕೆ ಹೋಗಬೇಕಿತ್ತು. ಆ ಸೆಕೆಯಲ್ಲಿ ಪೆಟ್ರೋಲ್ ಅಪಾಯವೆಂದು ಐದು ಬಿಯರ್ಡ್‌ಮೋರ್ ಟೊರ್ನೇಡೊ ಡೀಸೆಲ್ ಎಂಜಿನ್ನುಗಳನ್ನು ಕಟ್ಟಿದರು. ರೈಲಿನ ಎಂಜಿನ್ನಿನ ಸಂತಾನ ಅವು. ಒಂದೊಂದೂ ಎರಡು ಟನ್ನಿಗಿಂತ ಹೆಚ್ಚು ತೂಕ. 1930ರ ಅಕ್ಟೋಬರಿನಲ್ಲಿ ಕರಾಚಿಗೆಂದು ಹೊರಟ ಆ ನೌಕೆ ಫ್ರಾನ್ಸಿನ ಬೊವೆ ಪಟ್ಟಣದ ಹತ್ತಿರ ಬಿದ್ದು ಉರಿದು 48 ಜನ ಸತ್ತರು. ಉರಿದದ್ದು ಹೊಟ್ಟೆಯೊಳಗಿನ ಜಲಜನಕ. ಆದರೂ ಡೀಸೆಲ್ಲಿನ ತೂಕ ಹೊತ್ತ ನೌಕೆ ಎಂಬ ಮಾತು ಉಳಿಯಿತು.

ವಿಮಾನಕ್ಕೆ ಒಗ್ಗುವ ಮೊದಲ ಡೀಸೆಲ್ ಬಂದದ್ದು ಡೆಟ್ರಾಯಿಟಿನ ಕಾರು ಕಂಪನಿಯಿಂದ. ಪ್ಯಾಕರ್ಡ್‌ನ ಎಂಜಿನಿಯರ್ ಲಯನಲ್ ವುಲ್ಸನ್, ಜರ್ಮನಿಯ ಹರ್ಮನ್ ಡಾರ್ನರ್ ಜತೆ ಸೇರಿ ರೂಪಿಸಿದ ಒಂಬತ್ತು ಸಿಲಿಂಡರಿನ ಡಿಆರ್-980 ಎಂಜಿನ್ 1928ರ ಸೆಪ್ಟೆಂಬರಿನಲ್ಲಿ ಸ್ಟಿನ್ಸನ್ ವಿಮಾನವೊಂದನ್ನು ಮೇಲೆತ್ತಿತು. 225 ಕುದುರೆಶಕ್ತಿ, 510 ಪೌಂಡ್ ತೂಕ. ಮಾರನೇ ವರ್ಷ ಮೇ ತಿಂಗಳಲ್ಲಿ ವುಲ್ಸನ್ ಮತ್ತು ಪೈಲಟ್ ವಾಲ್ಟರ್ ಲೀಸ್ ಡೆಟ್ರಾಯಿಟಿನಿಂದ ವರ್ಜೀನಿಯಾದ ಲ್ಯಾಂಗ್ಲಿಗೆ ಹಾರಿದರು. ದೂರ ಸುಮಾರು 650 ಮೈಲಿ, ಎಣ್ಣೆಯ ಬಿಲ್ಲು 4 ಡಾಲರ್ 68 ಸೆಂಟು. ಪತ್ರಿಕೆಯವರಿಗೆ ಇದಕ್ಕಿಂತ ಒಳ್ಳೆಯ ತಲೆಬರಹ ಬೇಕಿರಲಿಲ್ಲ.

1930ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾದ ಬಳಿ ಹಿಮದ ಬಿರುಗಾಳಿಗೆ ಸಿಕ್ಕಿ ವುಲ್ಸನ್ ವಿಮಾನದಲ್ಲೇ ತೀರಿಕೊಂಡರು. ಎಂಜಿನ್ ಮಾತ್ರ ಇನ್ನೂ ಮೇಲೇರುತ್ತಿತ್ತು. 1931ರ ಮೇ ತಿಂಗಳಲ್ಲಿ ಲೀಸ್ ಮತ್ತು ಫ್ರೆಡರಿಕ್ ಬ್ರಾಸಿ ಫ್ಲಾರಿಡಾದ ಜಾಕ್ಸನ್‌ವಿಲ್ ಬಳಿ ಒಂದೇ ಸಲ ತುಂಬಿಸಿದ ಎಣ್ಣೆಯಲ್ಲಿ 84 ಗಂಟೆಗೂ ಮೀರಿ ಆಕಾಶದಲ್ಲಿದ್ದರು. ಮೂರೂವರೆ ದಿನ! 1986ರಲ್ಲಿ ವಾಯೇಜರ್ ಎಂಬ ವಿಮಾನ ಬರುವವರೆಗೂ, ಅಂದರೆ 55 ವರ್ಷ, ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಪ್ಯಾಕರ್ಡ್‌ಗೆ ಕೊಲಿಯರ್ ಟ್ರೋಫಿಯೂ ಸಿಕ್ಕಿತು. ಸಿಗದಿದ್ದದ್ದು ಗಿರಾಕಿ. ಒಂದೊಂದು ಸಿಲಿಂಡರಿಗೆ ಒಂದೇ ಕವಾಟ. ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಅದೇ ಬಾಗಿಲಲ್ಲಿ. ಎಂಜಿನ್ ನಡುಗುತ್ತಿತ್ತು. ಹೊಗೆಯ ವಾಸನೆ ಕ್ಯಾಬಿನ್ನಿಗೆ ನುಗ್ಗಿ ಪ್ರಯಾಣಿಕರ ಬಟ್ಟೆಗೂ ಹತ್ತುತ್ತಿತ್ತು. ಆರ್ಥಿಕ ಮಹಾಕುಸಿತದ ವರ್ಷಗಳು ಬೇರೆ. ನೂರರ ಆಸುಪಾಸು ಎಂಜಿನ್ ಮಾಡಿದ ಮೇಲೆ 1933ರ ಹೊತ್ತಿಗೆ ಪ್ಯಾಕರ್ಡ್ ಕೈತೊಳೆದುಕೊಂಡಿತು. ಜರ್ಮನಿಯಲ್ಲಿ ಹ್ಯೂಗೊ ಯುಂಕರ್ಸ್ ಮಾತ್ರ ಬಿಡಲಿಲ್ಲ. ಒಂದೇ ಸಿಲಿಂಡರಿನಲ್ಲಿ ಎದುರುಬದುರು ಓಡುವ ಎರಡು ಪಿಸ್ಟನ್ನುಗಳ ಅವರ ಯೂಮೊ ಎಂಜಿನ್ ಡಾರ್ನಿಯರ್ ಹಾರುದೋಣಿಗಳಲ್ಲಿ ಸಾಗರ ದಾಟಿತು. ಅದು ಬೇರೆಯೇ ಪುರಾಣ.

ಅಮೆರಿಕದಲ್ಲಿ ಆ ಕೆಲಸ ಕೈಗೆತ್ತಿಕೊಂಡದ್ದು, ಯಾರೂ ನಿರೀಕ್ಷಿಸದ ಕಡೆ, ಎಣ್ಣೆಬಾವಿಯ ಸಾಮಾನು ಮಾಡುವವರು.

ಎಸ್.ಎ. ಗೈಬರ್ಸನ್ ಜೂನಿಯರ್ ಅವರ ಡಲ್ಲಾಸ್ ಕಂಪನಿಯ ಸರಕುಗಳ ಹೆಸರು ಕೇಳಿದರೆ ವಿಮಾನ ನೆನಪಾಗುವ ಪ್ರಶ್ನೆಯೇ ಇಲ್ಲ: ಪ್ಯಾಕರ್, ಸ್ವಾಬ್, ಆಯಿಲ್ ಸೇವರ್. ಕೊಳವೆಬಾವಿ ಕೊರೆಸಿ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಎಣ್ಣೆಬಾವಿಗೂ ಕೇಸಿಂಗ್ ಪೈಪು ಇರುತ್ತದೆ, ಅದರೊಳಗೆ ಎಣ್ಣೆ ಮೇಲೆ ಬರುವ ಸಣ್ಣ ಪೈಪು. ಎರಡರ ನಡುವಿನ ಸಂದನ್ನು, ಸಾವಿರಾರು ಅಡಿ ಆಳದಲ್ಲಿ, ಉಬ್ಬುವ ರಬ್ಬರಿನಿಂದ ಬಿಗಿದು ಮುಚ್ಚುವುದು ಪ್ಯಾಕರ್. ಉಕ್ಕಿನ ಹಗ್ಗದ ತುದಿಗೆ ರಬ್ಬರಿನ ಬಟ್ಟಲು ಕಟ್ಟಿ, ಪೈಪಿನೊಳಗೆ ಇಳಿಬಿಟ್ಟು, ಬಾವಿಯಿಂದ ಕೊಡ ಸೇದಿದ ಹಾಗೆ ದ್ರವವನ್ನು ಮೇಲಕ್ಕೆಳೆಯುವುದು ಸ್ವಾಬ್. ಆ ಹಗ್ಗ ಬಾವಿಯ ಬಾಯಿಂದ ಹೊರಬರುವಾಗ ಮೈಗಂಟಿದ ಎಣ್ಣೆಯನ್ನು ಒರೆಸಿ ಒಳಗೇ ಉಳಿಸುವುದು ಆಯಿಲ್ ಸೇವರ್. ಮೂರರದೂ ಒಂದೇ ಉದ್ಯೋಗ, ಒತ್ತಡವನ್ನು ಸೋರದಂತೆ ಹಿಡಿದಿಡುವುದು. ಡೀಸೆಲ್ ಎಂಜಿನ್ನಿನ ಕಷ್ಟವೂ ಅದೇ ಆದ್ದರಿಂದ, ಈ ಜಿಗಿತ ಹೊರಗಿನವರಿಗೆ ಕಂಡಷ್ಟು ದೊಡ್ಡದಾಗಿ ಒಳಗಿನವರಿಗೆ ಕಂಡಿರಲಾರದು.

ಕಾಲವೂ ಹಾಗಿತ್ತು. 1930ರ ಅಕ್ಟೋಬರಿನಲ್ಲಿ ಡಲ್ಲಾಸಿನ ಪೂರ್ವಕ್ಕೆ, ರಸ್ಕ್ ಕೌಂಟಿಯ ಡೈಸಿ ಬ್ರಾಡ್‌ಫರ್ಡ್ ಎಂಬ ಹೆಂಗಸಿನ ಜಮೀನಿನಲ್ಲಿ, ಎಪ್ಪತ್ತು ವರ್ಷದ ಸಾಹಸಿ ‘ಡ್ಯಾಡ್’ ಜಾಯ್ನರ್ ಕೊರೆದ ಮೂರನೇ ಬಾವಿಯಲ್ಲಿ ಎಣ್ಣೆ ಉಕ್ಕಿತು. ಮೊದಲೆರಡು ಬಾವಿಗಳು ಕೈಕೊಟ್ಟಿದ್ದವು. ಈಸ್ಟ್ ಟೆಕ್ಸಸ್ ಎಣ್ಣೆನೆಲ ಆಗಿನ ಕಾಲಕ್ಕೆ ಜಗತ್ತು ಕಂಡ ಮಹಾನಿಧಿಗಳಲ್ಲೊಂದು. ಹಣ ಹರಿದುಬಂದದ್ದು ಡಲ್ಲಾಸಿನ ಬ್ಯಾಂಕುಗಳಿಗೆ. ಎಲ್ಲರೂ ಒಮ್ಮೆಲೇ ಕೊರೆದರು, ಎಲ್ಲರೂ ಒಮ್ಮೆಲೇ ಎಣ್ಣೆ ಎತ್ತಿದರು. 1931ರ ಬೇಸಿಗೆಗೆ ಒಂದು ಪೀಪಾಯಿ ಕಚ್ಚಾ ಎಣ್ಣೆಯ ಬೆಲೆ ಹತ್ತು ಸೆಂಟಿಗೆ ಇಳಿಯಿತು. ಟೊಮೇಟೊ ಬೆಲೆ ಬಿದ್ದಾಗ ಕೋಲಾರದ ರೈತರು ರಸ್ತೆಗೆ ಸುರಿಯುತ್ತಾರಲ್ಲ, ಹೆಚ್ಚುಕಡಿಮೆ ಆ ಸ್ಥಿತಿ.

ಇಲ್ಲಿ ಆಸ್ಟಿನ್ ಬರುತ್ತದೆ. ಟೆಕ್ಸಸ್ಸಿನಲ್ಲಿ ಯಾರು ಎಷ್ಟು ಎಣ್ಣೆ ಎತ್ತಬೇಕೆಂದು ಹೇಳುವ ಅಧಿಕಾರ ಇರುವುದು ರೈಲ್‌ರೋಡ್ ಕಮಿಷನ್ನಿಗೆ. 1891ರಲ್ಲಿ ರೈಲು ಕಂಪನಿಗಳ ಮೂಗುದಾರ ಹಿಡಿಯಲು ಹುಟ್ಟಿದ ಕಚೇರಿ ಎಣ್ಣೆಗೆ ಯಜಮಾನನಾದದ್ದು ಆಡಳಿತದ ವಿಚಿತ್ರಗಳಲ್ಲೊಂದು. ಹೆಸರನ್ನು ಇಂದಿಗೂ ಬದಲಿಸಿಲ್ಲ. ಕಮಿಷನ್ನಿನ ಮಾತನ್ನು ಯಾರೂ ಕೇಳದಿದ್ದಾಗ ಗವರ್ನರ್ ರಾಸ್ ಸ್ಟರ್ಲಿಂಗ್ 1931ರ ಆಗಸ್ಟಿನಲ್ಲಿ ಸೈನ್ಯ ಕಳಿಸಿ ಬಾವಿಗಳನ್ನೇ ಮುಚ್ಚಿಸಿದರು. ಈ ಸ್ಟರ್ಲಿಂಗ್ ಹ್ಯೂಸ್ಟನ್ನಿನವರು, ಹಂಬಲ್ ಆಯಿಲ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಈ ಹಂಬಲ್ ಹೆಸರು ಮುಂದೆ ಇನ್ನೊಮ್ಮೆ ಬರಲಿದೆ.

ಎಣ್ಣೆ ನೀರಿಗಿಂತ ಅಗ್ಗವಾಗಿದ್ದ ಆ ವರ್ಷಗಳಲ್ಲೇ ಗೈಬರ್ಸನ್ ಡೀಸೆಲ್ ರೂಪುಗೊಂಡಿತು. ಅದರ ಶಿಲ್ಪಿ ಫ್ರೆಡ್ ಎ. ಥಾಹೆಲ್ಡ್. ಮೊದಲನೆಯದು ಎ-918, ಸುಮಾರು 185 ಕುದುರೆಶಕ್ತಿ. ಆಮೇಲೆ ಎ-980. ಕೊನೆಗೆ ಎ-1020. ಸಿಲಿಂಡರುಗಳ ಒಟ್ಟು ಹೊಟ್ಟೆ ಎಷ್ಟು ಘನ ಇಂಚು ಎಂಬುದೇ ಹೆಸರು. 1020 ಅಂದರೆ ಹದಿನಾರು ಮುಕ್ಕಾಲು ಲೀಟರಿನಷ್ಟು. ಎರಡನೆಯದರ ಅಂಕಿ ಪ್ಯಾಕರ್ಡಿನದೇ ಆಗಿದ್ದು ಕಾಕತಾಳೀಯವೋ ಕೆಣಕುವಿಕೆಯೋ, ಓದುಗರಿಗೆ ಬಿಟ್ಟದ್ದು. ಪ್ಯಾಕರ್ಡ್ ಎಡವಿದ ಕಡೆ ಥಾಹೆಲ್ಡ್ ಎಡವಲಿಲ್ಲ. ಗಾಳಿಗೊಂದು, ಹೊಗೆಗೊಂದು ಎಂದು ಎರಡು ಕವಾಟ ಇಟ್ಟರು. ಪ್ರತಿ ಸಿಲಿಂಡರಿಗೂ ತನ್ನದೇ ಇಂಧನ ಪಂಪು. ಸಿಲಿಂಡರಿನ ಬಾಯಿ ಐದು ಇಂಚು ಚಿಲ್ಲರೆ ಅಗಲ, ಪಿಸ್ಟನ್ನಿನ ಓಟ ಐದೂವರೆ ಇಂಚು, ಒತ್ತುವ ಪ್ರಮಾಣ ಹದಿನೈದಕ್ಕೆ ಒಂದು. ಹೊರಗಿನಿಂದ ನೋಡಿದರೆ ಆ ಕಾಲದ ಯಾವುದೇ ಗಾಳಿತಂಪಿನ ರೇಡಿಯಲ್ ಎಂಜಿನ್ನಿನ ಹಾಗೆಯೇ, ಸಿಲಿಂಡರಿಗೆ ಸುತ್ತಿದ ತೆಳ್ಳನೆಯ ರೆಕ್ಕೆಪಟ್ಟಿಗಳು. ಇಗ್ನಿಷನ್ ತಂತಿಗಳ ಜಾಲ ಇರಬೇಕಾದ ಕಡೆ ಖಾಲಿ. ಪೆಟ್ರೋಲ್ ಎಂಜಿನ್ ನೋಡಿ ಅಭ್ಯಾಸವಾದ ಮೆಕ್ಯಾನಿಕ್‌ಗೆ ತಾಳಿಯಿಲ್ಲದ ಕುತ್ತಿಗೆ ನೋಡಿದ ಹಾಗೆ ಅನಿಸಿರಬೇಕು.

ಎ-1020 ಏರುವಾಗ 340 ಕುದುರೆಶಕ್ತಿ ಕೊಡುತ್ತಿತ್ತು. ತೂಕ 653 ಪೌಂಡ್. ಅಮೆರಿಕದಲ್ಲಿ ವಿಮಾನಕ್ಕೆಂದೇ ಡೀಸೆಲ್ ಕಟ್ಟಿದವರ ಪೈಕಿ ಪ್ಯಾಕರ್ಡ್ ಬಿಟ್ಟರೆ ಕಾರ್ಖಾನೆಯ ಮಟ್ಟಕ್ಕೆ ಬಂದವರು ಇವರೇ.

ಬಾವಿಯ ಸಾಮಾನು ಮಾರಿದ ದುಡ್ಡಿನಲ್ಲಿ ಆಕಾಶಕ್ಕೆ ಏಣಿ ಹಾಕುವ ಚಾಳಿ ಟೆಕ್ಸಸ್ಸಿನಲ್ಲಿ ಇವರೊಬ್ಬರದೇ ಆಗಿರಲಿಲ್ಲ. ಹ್ಯೂಸ್ಟನ್ನಿನ ಹೋವರ್ಡ್ ಹ್ಯೂಸ್ ಹಿರಿಯರು 1909ರಲ್ಲಿ ಬಂಡೆ ಕೊರೆಯುವ ಹಲ್ಲುಚಕ್ರದ ಬಿಟ್‌ಗೆ ಪೇಟೆಂಟ್ ಪಡೆದರು. ಆ ಬಿಟ್ಟಿನ ಗಳಿಕೆಯಲ್ಲಿ ಮಗ 1935ರಲ್ಲಿ ಗಂಟೆಗೆ 352 ಮೈಲಿ ವೇಗದ ದಾಖಲೆ ಬರೆದ, 1938ರಲ್ಲಿ ನಾಲ್ಕು ದಿನಕ್ಕೂ ಕಡಿಮೆ ಅವಧಿಯಲ್ಲಿ ಜಗತ್ತು ಸುತ್ತಿದ. ಹುಟ್ಟೂರು ತನ್ನ ವಿಮಾನ ನಿಲ್ದಾಣಕ್ಕೆ ಕೆಲವು ತಿಂಗಳ ಮಟ್ಟಿಗೆ ಅವನ ಹೆಸರನ್ನೇ ಇಟ್ಟಿತ್ತು. ಎಣ್ಣೆಯಿಂದ ಬೇರೆಡೆಗೆ ಜಿಗಿದ ಇನ್ನೊಂದು ಉದಾಹರಣೆ ಡಲ್ಲಾಸಿನಲ್ಲೇ ಇದೆ. 1930ರಲ್ಲಿ ಭೂಮಿಗೆ ಸಿಡಿಮದ್ದು ಹೊಡೆದು, ಮರಳಿ ಬರುವ ಕಂಪನ ಕೇಳಿ ಎಣ್ಣೆ ಎಲ್ಲಿದೆಯೆಂದು ಹೇಳುತ್ತಿದ್ದ ಜಿಯೋಫಿಸಿಕಲ್ ಸರ್ವಿಸ್ ಎಂಬ ಕಂಪನಿ ಹುಟ್ಟಿತು. 1951ರಲ್ಲಿ ಅದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಆಯಿತು; 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಉಪಗ್ರಹದ ಡಿಶ್ ಎತ್ತಿನ ಗಾಡಿಯಲ್ಲಿ ಬಂತೆಂಬ ಕಥೆಯನ್ನು ಅಲ್ಲಿ ಕೆಲಸ ಮಾಡಿದವರು ಇವತ್ತಿಗೂ ಹೇಳುತ್ತಾರೆ. ಡಲ್ಲಾಸಿನ ಎಷ್ಟೋ ಕನ್ನಡ ಮನೆಗಳ ಇತಿಹಾಸ ಆ ಗಾಡಿಯ ಹಿಂದೆಯೇ ನಡೆದುಬಂದದ್ದು. ಎಣ್ಣೆಯ ಕಸುಬಿನವರಲ್ಲಿ ಒಬ್ಬರು ಎಲೆಕ್ಟ್ರಾನಿಕ್ ಚಿಪ್ಪಿಗೆ ಬಂದು ಗೆದ್ದರು, ಒಬ್ಬರು ಡೀಸೆಲ್ಲಿಗೆ ಬಂದು ಸೋತರು. ಇಬ್ಬರ ಧೈರ್ಯದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಸೋಲು ಬಂದದ್ದು ಹೇಗೆ? ಗೈಬರ್ಸನ್ ಎಂಜಿನ್ನಿನಲ್ಲಿ ಕೊರತೆ ಹುಡುಕುವುದಕ್ಕಿಂತ ಪೆಟ್ರೋಲಿನತ್ತ ನೋಡುವುದು ಒಳ್ಳೆಯದು. 1930ರ ದಶಕದ ಆರಂಭದ ಪೆಟ್ರೋಲ್ ಒರಟು. ಎಂಜಿನ್ನಿನಲ್ಲಿ ಸ್ವಲ್ಪ ಹೆಚ್ಚು ಒತ್ತಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯಲ್ಲಿ ಬಡಿದಂತೆ ಬಡಿಯುತ್ತಿತ್ತು. ಹಾಗಾಗಿ ಪೆಟ್ರೋಲ್ ಎಂಜಿನ್ನುಗಳು ಶಕ್ತಿಯನ್ನು ಅದುಮಿಟ್ಟುಕೊಂಡೇ ಓಡಬೇಕಿತ್ತು. ಡೀಸೆಲ್ಲಿಗೆ ಇದ್ದ ಅವಕಾಶವೇ ಅದು. ಆದರೆ ದಶಕ ಮುಗಿಯುವಷ್ಟರಲ್ಲಿ ಸೀಸದ ಸಂಯುಕ್ತ ಬೆರೆಸಿದ, ಹೊಸ ರಸಾಯನದಿಂದ ಪಳಗಿಸಿದ 100 ಆಕ್ಟೇನ್ ಪೆಟ್ರೋಲ್ ಬಂತು. ಶೆಲ್ ಕಂಪನಿಯಲ್ಲಿದ್ದ ಹೆಸರಾಂತ ಪೈಲಟ್ ಜಿಮ್ಮಿ ಡೂಲಿಟಲ್ ಅದರ ಪರ ಹಟ ಹಿಡಿದು ವಾದಿಸಿದರು, ಸೈನ್ಯ ಒಪ್ಪಿತು. ಅದೇ ಎಂಜಿನ್ನನ್ನು ಈಗ ಇನ್ನಷ್ಟು ಒತ್ತಬಹುದು, ಇನ್ನಷ್ಟು ಗಾಳಿ ತುಂಬಬಹುದು. ಪ್ರಾಟ್ ಆಂಡ್ ವಿಟ್ನಿಯ ವಾಸ್ಪ್ ಜೂನಿಯರ್ ಎಂಬ ಪೆಟ್ರೋಲ್ ಎಂಜಿನ್ನನ್ನು ಗೈಬರ್ಸನ್ ಪಕ್ಕ ಇಟ್ಟು ನೋಡಬೇಕು. ಅದಕ್ಕೂ ಒಂಬತ್ತು ಸಿಲಿಂಡರ್, 985 ಘನ ಇಂಚು, ತೂಕವೂ ಅಷ್ಟೇ. ಶಕ್ತಿ ಮಾತ್ರ 450. ಅಂದರೆ ಒಂದೇ ತೂಕ ಹೊತ್ತು ಪೆಟ್ರೋಲಿನವನು ನೂರಹತ್ತು ಕುದುರೆ ಹೆಚ್ಚು ಕಟ್ಟಿಕೊಂಡು ಬರುತ್ತಿದ್ದ. ವಿಮಾನ ಕೊಳ್ಳುವವರು ಎಣ್ಣೆ ಬಿಲ್ಲಿನ ಉಳಿತಾಯ ಕೇಳುವ ಮೊದಲೇ ಈ ಲೆಕ್ಕ ಕೇಳಿ ಎದ್ದು ಹೋಗುತ್ತಿದ್ದರು.

ಆ ಪೆಟ್ರೋಲ್ ತಯಾರಾಗುತ್ತಿದ್ದುದು ಎಲ್ಲಿ? ಒಂದು ದೊಡ್ಡ ಪಾಲು ಹ್ಯೂಸ್ಟನ್ ಸುತ್ತಿನ ರಿಫೈನರಿಗಳಲ್ಲಿ. ಶಿಪ್ ಚಾನೆಲ್ ದಡದ ಬೇಟೌನಿನಲ್ಲಿ ಗವರ್ನರ್ ಸ್ಟರ್ಲಿಂಗರ ಹಳೆಯ ಕಂಪನಿ ಹಂಬಲ್ ನಡೆಸುತ್ತಿದ್ದ ರಿಫೈನರಿ 1944ರ ಕೊನೆಗೆ ನೂರು ಕೋಟಿ ಗ್ಯಾಲನ್ 100 ಆಕ್ಟೇನ್ ಪೆಟ್ರೋಲ್ ಮಾಡಿ ಮುಗಿಸಿತ್ತು. ಈಸ್ಟ್ ಟೆಕ್ಸಸ್ಸಿನ ಅಗ್ಗದ ಎಣ್ಣೆ ಡಲ್ಲಾಸಿಗೆ ಡೀಸೆಲ್ಲಿನ ಕನಸು ಕೊಟ್ಟಿತು. ಟೆಕ್ಸಸ್ಸಿನದೇ ಎಣ್ಣೆ 240 ಮೈಲಿ ದಕ್ಷಿಣಕ್ಕಿಳಿದು, ಪಳಗಿ, ಆ ಕನಸಿನ ಕಾಲ ಕೆಳಗಿನ ಮಣೆ ಎಳೆಯಿತು. 1941ರಲ್ಲಿ ಡಲ್ಲಾಸಿನ ಮಗ್ಗುಲಿಗೇ ಗ್ರಾಂಡ್ ಪ್ರೇರಿಯಲ್ಲಿ ನಾರ್ತ್ ಅಮೆರಿಕನ್ ಕಂಪನಿಯ ದೈತ್ಯ ವಿಮಾನ ಕಾರ್ಖಾನೆ ಶುರುವಾಯಿತು. ಟೆಕ್ಸನ್ ಎಂಬ ತರಬೇತಿ ವಿಮಾನಗಳು ಸಾಲುಸಾಲಾಗಿ ಹೊರಬಂದವು. ಮೂಗಿನಲ್ಲಿ ಕೂತಿದ್ದದ್ದು ಪ್ರಾಟ್ ಆಂಡ್ ವಿಟ್ನಿಯ ಪೆಟ್ರೋಲ್ ಎಂಜಿನ್.

ಹಾಗಾದರೆ ಗೈಬರ್ಸನ್? ಅದಕ್ಕೆ ನೆಲದ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧಕ್ಕೆ ಟ್ಯಾಂಕುಗಳು ಬೇಕು, ಟ್ಯಾಂಕಿಗೆ ರೇಡಿಯಲ್ ಎಂಜಿನ್ ಬೇಕು, ಅವನ್ನೆಲ್ಲ ವಿಮಾನದವರೇ ಬಾಚಿಕೊಂಡಿದ್ದರು. ವಿಮಾನದವರಿಗೆ ಬೇಡವಾದ ರೇಡಿಯಲ್ ಒಂದು ಡಲ್ಲಾಸಿನಲ್ಲಿತ್ತಲ್ಲ! ಎ-1020ರ ಪ್ರೊಪೆಲ್ಲರ್ ಬಿಚ್ಚಿ, ಶಕ್ತಿಯನ್ನು 250 ಕುದುರೆಗೆ ಇಳಿಸಿ, ಟಿ-1020 ಎಂದು ಹೆಸರಿಟ್ಟು ಎಂ3 ಸ್ಟುವರ್ಟ್ ಎಂಬ ಹಗುರ ಟ್ಯಾಂಕಿನ ಹಿಂಭಾಗಕ್ಕೆ ಸೇರಿಸಿದರು. ಪೆನ್ಸಿಲ್ವೇನಿಯಾದ ಬರ್ವಿಕ್‌ನಲ್ಲಿ ರೈಲು ಬೋಗಿ ಮಾಡುವ ಕಾರ್ಖಾನೆಯಲ್ಲಿ ತಯಾರಾದ 5,811 ಎಂ3ಗಳಲ್ಲಿ 1,285ಕ್ಕೆ ಡಲ್ಲಾಸಿನ ಡೀಸೆಲ್ ಇತ್ತು. ಸುಧಾರಿಸಿದ ಎಂ3ಎ1ರಲ್ಲಿ ಇನ್ನೂ 211ಕ್ಕೆ. ಬ್ರಿಟಿಷರು ಗುರುತಿಗೆಂದು ಪೆಟ್ರೋಲಿನದನ್ನು ಸ್ಟುವರ್ಟ್ ಒಂದು, ಡೀಸೆಲ್ಲಿನದನ್ನು ಸ್ಟುವರ್ಟ್ ಎರಡು ಎಂದು ಕರೆದರು. ಒಮ್ಮೆ ಟ್ಯಾಂಕು ತುಂಬಿಸಿದರೆ ಪೆಟ್ರೋಲಿನದು ಸುಮಾರು 70 ಮೈಲಿ, ಡೀಸೆಲ್ಲಿನದು ಸುಮಾರು 90 ಮೈಲಿ ಓಡುತ್ತಿತ್ತು. ಗೈಬರ್ಸನ್ ಹತ್ತು ವರ್ಷದಿಂದ ಹೇಳುತ್ತಿದ್ದ ಮಾತು ಕೊನೆಗೆ ಕೆಸರಿನಲ್ಲಿ ಸಾಬೀತಾಯಿತು.

ಸೈನಿಕರು ಹೊಗಳಿದರೇ? ಪೂರ್ತಿ ಅಲ್ಲ. ಚಳಿಯಲ್ಲಿ ಚಾಲೂ ಆಗುವುದಕ್ಕೆ ಮುನಿಸು, ಆ ತೋಟಾಗಳ ಗಲಾಟೆ, ಬಿಟ್ಟು ಬಿಟ್ಟು ಕಾಡುವ ದುರಸ್ತಿ. ಅದಕ್ಕಿಂತ ದೊಡ್ಡ ತೊಡಕು ಸರಬರಾಜಿನದು. ಜೀಪಿಗೆ ಪೆಟ್ರೋಲ್, ಲಾರಿಗೆ ಪೆಟ್ರೋಲ್, ಕೆಲವೇ ಟ್ಯಾಂಕುಗಳಿಗೆ ಡೀಸೆಲ್ ಎಂದರೆ ಯುದ್ಧಭೂಮಿಯಲ್ಲಿ ಎರಡು ಒಲೆಯ ಸಂಸಾರ. 1942ರಲ್ಲಿ ಅಮೆರಿಕದ ಸೈನ್ಯ ಪೆಟ್ರೋಲಿನ ಒಂದೇ ಒಲೆ ಸಾಕೆಂದು ತೀರ್ಮಾನಿಸಿತು. ಮುಂದಿನ ಸ್ಟುವರ್ಟ್, ಎಂ5, ಎರಡು ಕ್ಯಾಡಿಲಾಕ್ ಕಾರಿನ ಎಂಜಿನ್ನುಗಳ ಮೇಲೆ ಓಡಿತು.

ಆ ಎಂ5ಗಳು ಕನ್ನಡ ನಾಡಿನ ಒಬ್ಬರ ಹೆಸರಿನ ಜತೆ ಸೇರಿಕೊಂಡಿವೆ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ, ಹಿಮ ಬೀಳುವ ನಡುವೆ, ಭಾರತದ ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಮೇಲೇರಿ ಶತ್ರುಗಳನ್ನು ಕಂಗೆಡಿಸಿದವು. ಅಷ್ಟೆತ್ತರಕ್ಕೆ ಟ್ಯಾಂಕು ಹತ್ತಿಸುವ ಸಾಹಸಕ್ಕೆ ಕೈಹಾಕಿದ ಡಿವಿಷನ್ ಕಮಾಂಡರ್ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಡಲ್ಲಾಸಿನ ಎಂಜಿನ್ ಆ ಟ್ಯಾಂಕುಗಳೊಳಗೆ ಇದ್ದಿದ್ದರೆ ಈ ಲೇಖನಕ್ಕೆ ಎಷ್ಟು ಚೆನ್ನಾಗಿರುತ್ತಿತ್ತು! ಇರಲಿಲ್ಲ. ಹೆಸರೊಂದೇ, ಎದೆ ಬೇರೆ.

ಯುದ್ಧದ ನಂತರ ಗೈಬರ್ಸನ್ ಡೀಸೆಲ್ ಸುದ್ದಿ ಮುಗಿಯಿತು. ಬಾವಿಯ ಸಾಮಾನಿನ ವ್ಯಾಪಾರ ಮುಗಿಯಲಿಲ್ಲ. ಅದು ಮೊದಲಿನಿಂದಲೂ ಅನ್ನ ಹಾಕುತ್ತಿದ್ದ ಕಸುಬು. ಮನೆತನದ ಅಲೆನ್ ಗೈಬರ್ಸನ್‌ಗೆ ಎಂಜಿನ್ನಿನ ಹುಚ್ಚು ಇನ್ನೊಂದು ರೂಪದಲ್ಲಿ ಹತ್ತಿತು. ಇಟಲಿಯಿಂದ ಫೆರಾರಿಗಳನ್ನು ತರಿಸಿ ರೇಸಿಗೆ ಬಿಡುತ್ತಿದ್ದರು. 1954ರಲ್ಲಿ ಮೆಕ್ಸಿಕೊ ಉದ್ದಕ್ಕೂ ಓಡುವ ಕರೆರಾ ಪಾನಾಮೆರಿಕಾನ ರೇಸಿನಲ್ಲಿ ಅವರ ಕಾರು ಎರಡನೆಯದಾಗಿ ಬಂತು. ಓಡಿಸಿದವರು ಫಿಲ್ ಹಿಲ್, ಮುಂದೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವರು. ಸಾಮಾನಿನ ವ್ಯಾಪಾರ ಮುಂದೆ ಡಲ್ಲಾಸಿನ ಡ್ರೆಸರ್ ಇಂಡಸ್ಟ್ರೀಸ್ ಪಾಲಾಯಿತು. 1998ರಲ್ಲಿ ಡ್ರೆಸರ್ ಹ್ಯಾಲಿಬರ್ಟನ್ನಿನೊಂದಿಗೆ ಸೇರಿತು, 2003ರಲ್ಲಿ ಹ್ಯಾಲಿಬರ್ಟನ್ ತನ್ನ ಮುಖ್ಯ ಕಚೇರಿಯನ್ನು ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಎತ್ತಿಕೊಂಡು ಹೋಯಿತು.

ಇತ್ತ ವಿಮಾನದ ಡೀಸೆಲ್, ಅರವತ್ತು ವರ್ಷ ಮಲಗಿ, ಕಾರಿನ ದಾರಿಯಲ್ಲಿ ಮರಳಿ ಬಂದಿದೆ. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಸೀಸವಿದೆ, ಬೆಲೆಯೂ ದುಬಾರಿ, ಎಷ್ಟೋ ದೇಶಗಳಲ್ಲಿ ಸಿಗುವುದೇ ಕಷ್ಟ. ಜೆಟ್ ಇಂಧನ ಎಲ್ಲೆಡೆ ಸಿಗುತ್ತದೆ, ಡೀಸೆಲ್ ಎಂಜಿನ್ ಅದನ್ನು ಕುಡಿದು ಓಡುತ್ತದೆ. ಆಸ್ಟಿನ್ನಿನ ಉತ್ತರಕ್ಕೆ ಕಿಲೀನ್ ಊರಿನ ಮಗ್ಗುಲಲ್ಲಿರುವ ಫೋರ್ಟ್ ಹುಡ್ ನೆಲೆಯ ಗ್ರೇ ಈಗಲ್ ಡ್ರೋನ್‌ಗಳ ಬೆನ್ನಿಗೆ ಇರುವುದು ಮರ್ಸಿಡಿಸ್ ಕಾರಿನಿಂದ ಹುಟ್ಟಿದ ಡೀಸೆಲ್ ಎಂಜಿನ್. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲೂ ಅದೇ ಗುಡುಗು ಕೇಳಿದೆ. ಬೆಂಗಳೂರಿನ ಎಡಿಇ ಸಂಸ್ಥೆ ರೂಪಿಸಿದ ತಪಸ್ ಡ್ರೋನ್ 2016ರ ನವೆಂಬರಿನಲ್ಲಿ ಅಲ್ಲಿಂದ ಮೊದಲ ಬಾರಿ ಹಾರಿದಾಗ ರಷ್ಯಾದ ಟರ್ಬೊಪ್ರಾಪ್ ಎಂಜಿನ್ ಹೊತ್ತಿತ್ತು. ಆಮೇಲೆ ಆಸ್ಟ್ರಿಯಾದ ಎರಡು ಡೀಸೆಲ್ ಎಂಜಿನ್ ಕಟ್ಟಿಕೊಂಡು 25 ಸಾವಿರ ಅಡಿಗೂ ಮೇಲೆ ಹೋಯಿತು. ಆ ಎಂಜಿನ್ನಿನ ಮೂಲವೂ ಮರ್ಸಿಡಿಸ್ ಕಾರೇ. ಕಡಲೆಕಾಯಿ ಹೊಲಗಳ ಮೇಲೆ ಅದು ಹಾರುವುದನ್ನು ನೋಡಿ ಮೊದಮೊದಲು ಗಾಬರಿಯಾದ ದನಕಾಯುವವರು ಬರಬರುತ್ತ ತಲೆಯೆತ್ತಿಯೂ ನೋಡಿರಲಿಕ್ಕಿಲ್ಲ.

ಗೈಬರ್ಸನ್ ಎಂಜಿನ್ನುಗಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಜೋಪಾನ ಮಾಡಿದ್ದಾರೆ. ಹೆಸರು ಮಾತ್ರ ಸಂಗ್ರಹಾಲಯಕ್ಕೆ ಸೇರಿಲ್ಲ. ಹಳೆಯ ಎಣ್ಣೆಬಾವಿಗಳ ದ್ರವ ಸೇದುವ ಕೆಲಸಗಾರರು ಸಾಮಾನಿನ ಅಂಗಡಿಯಲ್ಲಿ ಇವತ್ತೂ ‘ಗೈಬರ್ಸನ್’ ಕೇಳುತ್ತಾರೆ. ಅಂಗಡಿಯವನು ಕಪಾಟಿನಿಂದ ತೆಗೆದುಕೊಡುವುದು ಮುಷ್ಟಿಯಷ್ಟು ದಪ್ಪದ, ಕಪ್ಪಗಿನ ಒಂದು ರಬ್ಬರಿನ ಬಟ್ಟಲು.